ಪೊಟ್ಟಣದ ಮೇಲಿನ ಮುದ್ರೆ

‘ಹರಾಮಿ’, ‘ನಿಮಕ್ ಹರಾಮ್’ ಎಂಬ ಮಾತುಗಳು ಕನ್ನಡದ ದಿನಬಳಕೆಯಲ್ಲಿ ಬಹುಕಾಲದಿಂದ ಸೇರಿಹೋಗಿವೆ. ಉಂಡ ಮನೆಗೆ ಎರಡು ಬಗೆದವನನ್ನು ಬೈಯುವಾಗ ನಮ್ಮ ಹಳ್ಳಿಗಳಲ್ಲಿ ಯಾರೂ ಅದು ಯಾವ ಭಾಷೆಯ ಮಾತು, ಯಾವ ಮತದ ಮಾತು ಎಂದು ಕೇಳುವುದಿಲ್ಲ. ಆದರೆ ಅದರ ಜೊತೆಯ ಶಬ್ದವಾದ ‘ಹಲಾಲ್’ ಮಾತ್ರ ಅಷ್ಟಾಗಿ ನಮ್ಮ ಬಾಯಿಗೆ ಬರಲಿಲ್ಲ. ಬಂದಾಗಲೂ ಮಾಂಸದಂಗಡಿಯ ಹಲಗೆಯ ಮೇಲಿನ ಬರಹವಾಗಿ ಬಂದಿತೇ ಹೊರತು ಅದರ ಪೂರ್ಣಾರ್ಥದಲ್ಲಿ ಬರಲಿಲ್ಲ. ಅರಬ್ಬಿಯಲ್ಲಿ ಹಲಾಲ್ ಎಂದರೆ ಸಮ್ಮತವಾದದ್ದು. ಹರಾಮ್ ಎಂದರೆ ನಿಷಿದ್ಧವಾದದ್ದು. ಸಂಪಾದನೆಗೂ ವ್ಯವಹಾರಕ್ಕೂ ನಡತೆಗೂ ಈ ಮಾತುಗಳು ಸಲ್ಲುತ್ತವೆ. ಆಹಾರದ ಮಟ್ಟಿಗೆ ಹೇಳುವುದಾದರೆ ಹಂದಿ, ರಕ್ತ, ತಾನಾಗಿ ಸತ್ತ ಪ್ರಾಣಿಯ ಮಾಂಸ, ಮದ್ಯ ಇವು ನಿಷಿದ್ಧ. ತಿನ್ನಲು ಸಮ್ಮತವಾದ ಪ್ರಾಣಿಯನ್ನು ಕೂಡ ದೇವರ ಹೆಸರನ್ನು ಹೇಳಿ, ಕೊರಳನ್ನು ಕೊಯ್ದು, ರಕ್ತ ಹರಿದುಹೋಗುವಂತೆ ಮಾಡಿರಬೇಕು. ಇವೆರಡರ ನಡುವೆ ‘ಮಶ್‌ಬೂಹ್’ ಎಂಬ ಇನ್ನೊಂದು ವರ್ಗವುಂಟು. ಹಾಗೆಂದರೆ ಸಂಶಯಾಸ್ಪದವಾದದ್ದು, ಅಂಥದನ್ನು ಬಿಟ್ಟುಬಿಡುವುದು ಲೇಸೆಂಬುದು ಧಾರ್ಮಿಕರ ಸಲಹೆ. ಕುರ್‌ಆನ್ ಆಹಾರವನ್ನು ಕುರಿತು ಹೇಳುವಾಗ ಹಲಾಲ್ ಎಂಬುದರ ಪಕ್ಕದಲ್ಲಿಯೇ ‘ತಯ್ಯಿಬ್’ ಎಂಬ ಮಾತನ್ನೂ ಇರಿಸುತ್ತದೆ. ಒಳ್ಳೆಯದು, ಶುದ್ಧವಾದದ್ದು, ಹಿತವಾದದ್ದು ಎಂದು ಅದರ ಅರ್ಥ. ಈ ಎರಡನೆಯ ಮಾತಿಗೆ ನಾನು ಮುಂದೆ ಮತ್ತೆ ಬರಬೇಕಾಗಿದೆ.

ಇಂದು ನಾನು ಹೇಳಬೇಕೆಂದಿರುವುದು ಹದಿನೆಂಟು ಇಪ್ಪತ್ತು ವಯಸ್ಸಿನ ಮುಸ್ಲಿಮ್ ತರುಣ ತರುಣಿಯರು ಅಂಗಡಿಯಲ್ಲಿ ನಿಂತು ಆಹಾರದ ಪೊಟ್ಟಣವೊಂದನ್ನು ಕೈಗೆತ್ತಿಕೊಂಡಾಗ ಅವರ ಮನಸ್ಸನ್ನು ತಿರುಗಿಸುವ ಸಂಗತಿಗಳು ಯಾವುವು ಎಂಬುದನ್ನು. ‘ಇದರಲ್ಲಿ ಹೇಳುವುದೇನಿದೆ, ಅವರ ಧರ್ಮ ಹೇಳಿದೆ, ಅವರು ಕೊಳ್ಳುತ್ತಾರೆ’ ಎಂದು ಕೆಲವರಿಗೆ ಅನ್ನಿಸಬಹುದು. ಕಾಲೇಜಿನಲ್ಲಿ ಮೂವತ್ತು ವರ್ಷ ವಾಣಿಜ್ಯಶಾಸ್ತ್ರವನ್ನು ಪಾಠ ಹೇಳಿದ ನನಗೂ ಗ್ರಾಹಕನ ವರ್ತನೆಯನ್ನು ಇಷ್ಟು ಸುಲಭದ ಮಾತಿನಲ್ಲಿ ಮುಗಿಸುವ ಆಸೆ ಆಗಾಗ ಆಗಿದ್ದುಂಟು. ಆದರೆ ಮಲೇಷ್ಯದ ಕೌಲಾಲಂಪುರದಲ್ಲಿ ಮಗಳ ಮನೆಯಲ್ಲಿ ಕೆಲವು ತಿಂಗಳು ಕಳೆಯುವ ಅವಕಾಶ ಒದಗಿದಾಗ, ದಿನವೂ ಸಾಮಾನು ತರುವ ನೆಪದಲ್ಲಿ ಅಂಗಡಿಗಳನ್ನು ಸುತ್ತುತ್ತ, ಈ ಪ್ರಶ್ನೆಯ ಒಳಗೆ ಎಷ್ಟು ಎಳೆಗಳಿವೆ ಎಂಬುದನ್ನು ಕಂಡೆ.

ಹಿಂದಿನ ಕಾಲದ ವ್ಯವಸ್ಥೆಯನ್ನು ನೆನೆಯಿರಿ. ನಮ್ಮ ಊರಿನ ಸಂತೆಯಲ್ಲಾಗಲಿ, ಮಲಯ ದೇಶದ ಹಳ್ಳಿಯಲ್ಲಾಗಲಿ, ಮಾಂಸ ಮಾರುವವನು ಯಾರೆಂಬುದು ಕೊಳ್ಳುವವನಿಗೆ ಗೊತ್ತಿತ್ತು. ಶುಕ್ರವಾರ ಮಸೀದಿಯಲ್ಲಿ ಪಕ್ಕದ ಸಾಲಿನಲ್ಲಿ ನಿಂತು ನಮಾಜು ಮಾಡಿದವನೇ ಮರುದಿನ ಅಂಗಡಿಯಲ್ಲಿ ಕತ್ತಿ ಹಿಡಿದು ಕೂತಿರುತ್ತಿದ್ದ. ಅವನ ಮುಖವೇ ಪ್ರಮಾಣಪತ್ರ. ಬೇರೆ ಮುದ್ರೆ ಬೇಕಾಗಿರಲಿಲ್ಲ. ಆದರೆ ಬಿಸ್ಕತ್ತಿನ ಪೊಟ್ಟಣಕ್ಕೆ ಮುಖವಿಲ್ಲ. ಅದನ್ನು ಮಾಡಿದವನು ಯಾವ ದೇಶದಲ್ಲಿದ್ದಾನೋ, ಅದರಲ್ಲಿ ಬೆರೆಸಿದ ಕೊಬ್ಬು ಯಾವ ಪ್ರಾಣಿಯದೋ, ಯಾವ ಬೀಜದ್ದೋ, ಕೊಳ್ಳುವವನಿಗೆ ತಿಳಿಯುವ ದಾರಿಯಿಲ್ಲ. ಮುಖ ಹೋದ ಜಾಗದಲ್ಲಿ ಮುದ್ರೆ ಬಂದು ಕೂತಿತು.

ಮಲೇಷ್ಯದಲ್ಲಿ ಇದು ಬೇಗ ಆಯಿತು. ಅಲ್ಲಿ 2020ರ ಜನಗಣತಿಯಂತೆ ಮುಸ್ಲಿಮರು ನೂರಕ್ಕೆ ಅರುವತ್ತಮೂರಕ್ಕಿಂತ ತುಸು ಹೆಚ್ಚು. ಉಳಿದವರು ಚೀನೀ ಮೂಲದವರು, ಭಾರತೀಯ ಮೂಲದವರು, ಇತರರು. ಆಹಾರದ ಕಾರ್ಖಾನೆಗಳೂ ವ್ಯಾಪಾರವೂ ಬಹುಮಟ್ಟಿಗೆ ಬೇರೆಯವರ ಕೈಯಲ್ಲಿದ್ದು, ತಿನ್ನುವವರಲ್ಲಿ ಹೆಚ್ಚಿನವರು ಮುಸ್ಲಿಮರಾಗಿದ್ದ ಕಡೆ ನಂಬಿಕೆಗೆ ಒಂದು ಸರಕಾರಿ ಆಧಾರ ಬೇಕಾಯಿತು. 1974ರಲ್ಲಿ ಪ್ರಧಾನಮಂತ್ರಿಗಳ ಕಚೇರಿಯ ಇಸ್ಲಾಮೀ ವ್ಯವಹಾರ ವಿಭಾಗ ಹಲಾಲ್ ಎಂದು ದೃಢಪಡಿಸುವ ಪತ್ರಗಳನ್ನು ಕೊಡತೊಡಗಿತು. 1975ರಲ್ಲಿ ಆ ಶಬ್ದವನ್ನು ಸುಳ್ಳಾಗಿ ಬಳಸಿ ಮಾರುವುದು ಅಪರಾಧವೆಂದು ಆಜ್ಞೆಯಾಯಿತು. 1994ರಲ್ಲಿ ಪತ್ರದ ಜೊತೆಗೆ ಚಿಹ್ನೆ ಬಂದಿತು. 1997ರಲ್ಲಿ ‘ಜಾಕಿಮ್’ ಎಂಬ ಹೆಸರಿನ ಇಲಾಖೆ ಏರ್ಪಟ್ಟು ಇಂದಿಗೂ ಆ ಕೆಲಸವನ್ನು ನಡೆಸುತ್ತಿದೆ. ಈ ನಡುವೆ 1979ರಲ್ಲಿ ಒಂದು ಚಿಕ್ಕ ಘಟನೆ ನಡೆಯಿತು. ವ್ಯಾಪಾರದ ವಿದ್ಯಾರ್ಥಿಗೆ ಅದು ಕಾನೂನಿಗಿಂತ ರುಚಿಯಾದದ್ದು. ಮಾಂಸದ ವ್ಯಾಪಾರದಲ್ಲಿ ಕೆಲಸ ಮಾಡಿದ್ದ ರಮ್ಲೀ ಮೊಕ್ನಿ ಎಂಬ ಯುವಕ, ಪೇಟೆಯಲ್ಲಿ ಸಿಗುವ ಬರ್ಗರ್ ಮಾಂಸ ಹಲಾಲೋ ಅಲ್ಲವೋ ಎಂಬ ಸಂದೇಹವನ್ನು ಕಂಡು, ಹೆಂಡತಿಯೊಂದಿಗೆ ಸೇರಿ ತಾನೇ ಬರ್ಗರ್ ಮಾಡಿ ಮಾರಲು ತೊಡಗಿದ. ಇಂದು ಆ ದೇಶದ ಬೀದಿಬದಿಯ ಬರ್ಗರ್ ಗಾಡಿಗಳಲ್ಲಿ ‘ರಮ್ಲೀ’ ಎಂಬುದು ಮನೆಮಾತು. ಹುಡುಗರಿಗೆ ಬೇಕಾಗಿದ್ದುದು ಹೊಸ ರುಚಿ. ಧರ್ಮ ಅದಕ್ಕೆ ಅಡ್ಡಬರಲಿಲ್ಲ; ತನ್ನದೇ ಬಾಗಿಲನ್ನು ತೆರೆದುಕೊಟ್ಟಿತು.

ಇಲ್ಲಿ ವಿಜ್ಞಾನದ ವಿಷಯವನ್ನು ಸ್ವಲ್ಪ ಹೇಳದೆ ನಿರ್ವಾಹವಿಲ್ಲ. ಇಂದಿನ ಕಾರ್ಖಾನೆಯ ಆಹಾರದಲ್ಲಿ ಮಾಂಸ ಕಣ್ಣಿಗೆ ಕಾಣುವ ರೂಪದಲ್ಲಿಯೇ ಇರಬೇಕೆಂದಿಲ್ಲ. ಮೆತ್ತನೆಯ ಮಿಠಾಯಿಗಳಲ್ಲಿಯೂ ಔಷಧದ ಕ್ಯಾಪ್ಸೂಲುಗಳಲ್ಲಿಯೂ ಬಳಸುವ ಜೆಲಾಟಿನ್ ಎಂಬುದು ಪ್ರಾಣಿಯ ಚರ್ಮ ಮೂಳೆಗಳಿಂದ ತೆಗೆದದ್ದು. ಆ ಪ್ರಾಣಿ ಹಂದಿಯೂ ಆಗಬಹುದು, ದನವೂ ಆಗಬಹುದು. ಎಣ್ಣೆ ನೀರು ಬೆರೆತು ನಿಲ್ಲುವಂತೆ ಬ್ರೆಡ್ಡಿಗೂ ಐಸ್‌ಕ್ರೀಮಿಗೂ ಹಾಕುವ ಇ 471 ಎಂಬ ಪದಾರ್ಥ ತಾಳೆಯೆಣ್ಣೆಯಿಂದಲೂ ಬರುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ಬರುತ್ತದೆ. ಪೊಟ್ಟಣದ ಮೇಲೆ ಅಂಕಿ ಮಾತ್ರ ಇದ್ದರೆ ಯಾವುದರಿಂದ ಬಂದದ್ದೆಂದು ಪಂಡಿತನಿಗೂ ತಿಳಿಯುವುದಿಲ್ಲ.

ನೆರೆಯ ಇಂಡೊನೇಷ್ಯದಲ್ಲಿ ನಡೆದ ಒಂದು ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಸಾರು ಪಲ್ಯಗಳಿಗೆ ರುಚಿಗಾಗಿ ಹಾಕುವ ಅಜಿನೊಮೊಟೊ ಪುಡಿ ನಮಗೂ ಗೊತ್ತು. ಅದನ್ನು ಸೂಕ್ಷ್ಮಜೀವಿಗಳ ನೆರವಿನಿಂದ ಹುದುಗೆಬ್ಬಿಸಿ ತಯಾರಿಸುತ್ತಾರೆ. ಆ ಜೀವಿಗಳನ್ನು ಸಾಕಿಡಲು ಒಂದು ಪೋಷಕ ದ್ರವ್ಯ ಬೇಕು. ಅಲ್ಲಿಯ ಕಾರ್ಖಾನೆ ಹಿಂದಿನ ದ್ರವ್ಯವನ್ನು ಬಿಟ್ಟು ಸೋಯಾದಿಂದ ಮಾಡಿದ ಬೇರೊಂದನ್ನು ಬಳಸತೊಡಗಿತು. ಸೋಯಾ ಸಸ್ಯವೇ ಸರಿ. ಆದರೆ ಅದನ್ನು ಒಡೆಯಲು ಬಳಸಿದ್ದ ಕಿಣ್ವ ಹಂದಿಯ ಮೇದೋಜೀರಕ ಗ್ರಂಥಿಯದು. ಪ್ರಮಾಣಪತ್ರವನ್ನು ನವೀಕರಿಸುವಾಗ ಇದು ಹೊರಬಿದ್ದಿತು. 2001ರ ಆರಂಭದಲ್ಲಿ ಪುಡಿಯನ್ನು ಪೇಟೆಯಿಂದ ಹಿಂದಕ್ಕೆ ತರಿಸಿದರು. ಕಂಪೆನಿಯ ಅಧಿಕಾರಿಗಳನ್ನು ಬಂಧಿಸಿದರು. ಕೊನೆಯ ಪುಡಿಯಲ್ಲಿ ಹಂದಿಯ ಅಂಶ ಇಲ್ಲವೆಂದು ಕಂಪೆನಿ ಹೇಳಿತು. ಉಲೇಮಾಗಳ ಮಂಡಳಿ, ತಯಾರಿಕೆಯ ದಾರಿಯಲ್ಲಿ ಅದು ಬಂದಿರುವುದರಿಂದ ನಿಷಿದ್ಧವೆಂದಿತು. ಆಗ ರಾಷ್ಟ್ರಾಧ್ಯಕ್ಷರಾಗಿದ್ದ ಅಬ್ದುರ್ರಹ್ಮಾನ್ ವಾಹಿದ್ ಅವರು ಸ್ವತಃ ದೊಡ್ಡ ಧಾರ್ಮಿಕ ಸಂಘಟನೆಯ ಮುಖಂಡರಾಗಿದ್ದವರು. ಅವರು ಅದನ್ನು ತಿನ್ನಬಹುದೆಂದರು. ರಾಷ್ಟ್ರಾಧ್ಯಕ್ಷರಿಗೂ ಧರ್ಮಪಂಡಿತರಿಗೂ ಒಮ್ಮತವಿಲ್ಲದಾಗ ಕಾಲೇಜಿನ ಹುಡುಗಿಯೊಬ್ಬಳು ಏನನ್ನು ನಂಬಬೇಕು? ಅವಳ ನಾಲಗೆ ಈ ವ್ಯತ್ಯಾಸವನ್ನು ಹೇಳಲಾರದು.

ಹೀಗಿರುವುದರಿಂದಲೇ ಕಳೆದ ಎರಡು ದಶಕಗಳಲ್ಲಿ ಈ ವಿಷಯದ ಮೇಲೆ ಬಹಳ ಸಂಶೋಧನೆ ನಡೆದಿದೆ. ಹೆಚ್ಚಿನವರು ಐಕ್ ಐಜೆನ್ ಎಂಬ ಮನಶ್ಶಾಸ್ತ್ರಜ್ಞರ ಚೌಕಟ್ಟನ್ನು ಹಿಡಿದಿದ್ದಾರೆ. ಮನುಷ್ಯ ಒಂದು ಕೆಲಸವನ್ನು ಮಾಡಲು ಮನಸ್ಸು ಮಾಡುವುದಕ್ಕೆ ಮೂರು ಕಾರಣಗಳೆಂದು ಅದರ ತಿರುಳು. ಆ ಕೆಲಸದ ಬಗ್ಗೆ ಅವನ ಸ್ವಂತ ಭಾವನೆ. ತನಗೆ ಬೇಕಾದ ಜನ ಅದರ ಬಗ್ಗೆ ಏನೆಂದುಕೊಳ್ಳುತ್ತಾರೆಂಬ ಎಣಿಕೆ. ಅದು ತನ್ನ ಕೈಯಲ್ಲಿ ಆಗುವಂಥದು ಎಂಬ ನೆಚ್ಚಿಕೆ. ಫ್ರಾನ್ಸಿನಲ್ಲಿ ನೆಲೆಸಿದ ಉತ್ತರ ಆಫ್ರಿಕ ಮೂಲದ ಮುಸ್ಲಿಮರನ್ನು ಪ್ರಶ್ನಿಸಿ 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಈ ಮೂರೂ ಕೆಲಸ ಮಾಡುವುದು ಕಂಡುಬಂದಿತು. ಮಲೇಷ್ಯದ ಲಬುವಾನ್ ದ್ವೀಪದಲ್ಲಿ ಮಾಡಿ 2009ರಲ್ಲಿ ಪ್ರಕಟಿಸಿದ ಇನ್ನೊಂದರಲ್ಲಿ ಸ್ವಂತ ಭಾವನೆಗಿಂತ ಸುತ್ತಲಿನ ಜನರ ಒತ್ತಾಸೆಯೇ ಬಲವಾಗಿ ಕಂಡಿತು. ತಂದೆತಾಯಿ, ಗೆಳೆಯರು, ಜೊತೆಯಲ್ಲಿ ಉಣ್ಣುವವರು ಎಂದರ್ಥ. ಇದು ನನಗೆ ಆಶ್ಚರ್ಯವೆನಿಸಲಿಲ್ಲ. ಊಟವೆಂಬುದು ಒಬ್ಬರೇ ಮಾಡುವ ಕೆಲಸವಲ್ಲ. ಮಡಿಯ ಅಡಿಗೆಮನೆಯಲ್ಲಿ ಬೆಳೆದ ನಮ್ಮ ಹುಡುಗ ಬೆಂಗಳೂರಿನ ಹಾಸ್ಟೆಲಿನಲ್ಲಿ ಈರುಳ್ಳಿ ತಿನ್ನಲು ಕಲಿಯುವುದಾಗಲಿ, ಕಲಿಯದಿರುವುದಾಗಲಿ ಎದುರಿಗೆ ಕೂತವನನ್ನು ನೋಡಿಯೇ ಅಲ್ಲವೆ?

ಆದರೂ ಇಂಥ ಅಧ್ಯಯನಗಳ ಬಗ್ಗೆ ನನಗೊಂದು ಅನುಮಾನವುಂಟು. ಪ್ರಶ್ನಾವಳಿಯನ್ನು ಕೈಗೆ ಕೊಟ್ಟು ‘ನೀವು ಹಲಾಲ್ ಆಹಾರವನ್ನೇ ಕೊಳ್ಳಲು ಉದ್ದೇಶಿಸಿದ್ದೀರಾ?’ ಎಂದು ಕೇಳಿದರೆ ಇಲ್ಲವೆನ್ನುವ ಮುಸ್ಲಿಮ್ ವಿದ್ಯಾರ್ಥಿ ಎಲ್ಲಿ ಸಿಕ್ಕಾನು? ಉದ್ದೇಶ ಬೇರೆ, ಅಂಗಡಿಯಲ್ಲಿ ಚಾಚುವ ಕೈ ಬೇರೆ. ಆ ಕೈಯನ್ನು ನೋಡಬೇಕಾದರೆ ಅಂಗಡಿಗೇ ಹೋಗಬೇಕು.

ನಾನಿದ್ದ ಬಡಾವಣೆಯ ದೊಡ್ಡ ಅಂಗಡಿಯಲ್ಲಿ ಒಂದು ಸಂಜೆ ಮೂವರು ಮಲಯ್ ಹುಡುಗಿಯರು ಕೊರಿಯಾದ ಖಾರದ ನೂಡಲ್ಸ್ ಜೋಡಿಸಿಟ್ಟ ಕಡೆ ನಿಂತಿದ್ದರು. ಒಬ್ಬಳು ಪೊಟ್ಟಣವನ್ನು ತೆಗೆದು ಬುಟ್ಟಿಗೆ ಹಾಕಿದಳು. ಇನ್ನೊಬ್ಬಳು ಅದನ್ನೇ ತೆಗೆದು, ಹಿಂದುಮುಂದು ತಿರುಗಿಸಿ, ಮುದ್ರೆಯನ್ನು ಹುಡುಕಿ, ಮತ್ತೆ ಬುಟ್ಟಿಗೆ ಹಾಕಿದಳು. ಮೂರನೆಯವಳು ಫೋನಿನಿಂದ ತಲೆಯೆತ್ತಲಿಲ್ಲ. ಮುದುಕನ ಸಲಿಗೆಯಿಂದ ನಾನು ಮಾತನಾಡಿಸಿದೆ. ಅಲ್ಲಿ ವಯಸ್ಸಾದ ಭಾರತೀಯನನ್ನು ಎಲ್ಲರೂ ‘ಅಂಕಲ್’ ಎನ್ನುತ್ತಾರೆ. ತಿರುಗಿಸಿ ನೋಡಿದ ಹುಡುಗಿ ಹೇಳಿದಳು: ‘ಮೊದಲು ಯೂಟ್ಯೂಬಿನಲ್ಲಿ ನೋಡಿದೆವು ಅಂಕಲ್. ತಿನ್ನಬೇಕೆಂದು ಆಸೆಯಾಯಿತು. ಮುದ್ರೆ ಇದೆಯೇ ಎಂದು ನೋಡಿದ್ದು ಆಮೇಲೆ. ಮುದ್ರೆ ಇಲ್ಲದಿದ್ದರೆ ತಿನ್ನುತ್ತಿರಲಿಲ್ಲ. ಆದರೆ ಮುದ್ರೆ ಇದೆಯೆಂದು ತಿನ್ನುತ್ತಿರುವುದೂ ಅಲ್ಲ.’

ಈ ಹುಡುಗಿ ನಮ್ಮ ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ವಿಷಯವನ್ನು ಹೇಳಿದಳೆಂದು ನನಗೆ ತೋರಿತು. ಆಸೆ ಹುಟ್ಟುವುದು ಬೇರೆ ಕಡೆ: ಗೆಳತಿಯ ಮಾತಿನಲ್ಲಿ, ಕೊರಿಯಾದ ಧಾರಾವಾಹಿಯಲ್ಲಿ, ಬೆಲೆಯಲ್ಲಿ, ರುಚಿಯಲ್ಲಿ. ಹಲಾಲ್ ಎಂಬುದು ಆ ಆಸೆ ಒಳಗೆ ಬರಬಹುದೇ ಎಂದು ಕೇಳುವ ಹೊಸಿಲು. ವ್ಯಾಪಾರಿಗಳಿಗೆ ಇದು ಬೇಗ ಅರ್ಥವಾಯಿತು. ಕೊರಿಯಾದ ಕಂಪೆನಿಗಳು ತಮ್ಮ ದೇಶದ ಮುಸ್ಲಿಮ್ ಒಕ್ಕೂಟದಿಂದ ಪ್ರಮಾಣಪತ್ರ ಪಡೆದು ಆಗ್ನೇಯ ಏಷ್ಯದ ಪೇಟೆಗೆ ಇಳಿದವು. ಆದರೆ ಒಂದೇ ಕಂಪೆನಿಯ ಎಲ್ಲ ಪೊಟ್ಟಣಗಳೂ ಒಂದೇ ಬಗೆಯವಲ್ಲ. 2017ರ ಜೂನ್ ತಿಂಗಳಲ್ಲಿ ಇಂಡೊನೇಷ್ಯದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ನಾಲ್ಕು ಬಗೆಯ ಕೊರಿಯನ್ ನೂಡಲ್ಸ್‌ಗಳಲ್ಲಿ ಹಂದಿಯ ಅಂಶವನ್ನು ಕಂಡು, ಪೊಟ್ಟಣದ ಮೇಲೆ ಅದನ್ನು ತಿಳಿಸಿಲ್ಲವೆಂದು ಅವುಗಳನ್ನು ಹಿಂದಕ್ಕೆ ತೆಗೆಸಿತು. ಹೆಸರು ನೋಡಿ ಕೊಳ್ಳುವ ಹುಡುಗರು ಅಂದಿನಿಂದ ಹೆಸರಿನ ಕೆಳಗಿನ ಸಾಲನ್ನೂ ಓದಬೇಕಾಯಿತು.

ಮುದ್ರೆಯ ಮೇಲಿನ ನಂಬಿಕೆಯೂ ಅಲುಗದೆ ಉಳಿದಿಲ್ಲ. 2014ರ ಮೇ ತಿಂಗಳಲ್ಲಿ ಮಲೇಷ್ಯದ ಆರೋಗ್ಯ ಮಂತ್ರಾಲಯ ಕ್ಯಾಡ್‌ಬರಿ ಚಾಕೊಲೇಟಿನ ಎರಡು ಬಗೆಗಳಲ್ಲಿ ಹಂದಿಯ ಡಿಎನ್‌ಎ ಕುರುಹು ಸಿಕ್ಕಿತೆಂದು ಪ್ರಕಟಿಸಿತು. ಅವುಗಳ ಮೇಲೆ ಜಾಕಿಮ್ ಮುದ್ರೆಯಿತ್ತು. ಕೆಲವು ಸಂಘಟನೆಗಳು ಉಗ್ರವಾಗಿ ಮಾತನಾಡಿದವು. ಹತ್ತು ದಿನ ಕಳೆಯುವುದರೊಳಗೆ ಜಾಕಿಮ್ ತಾನೇ ಮಾದರಿಗಳನ್ನು ಪರೀಕ್ಷಿಸಿ, ಅಂಥದೇನೂ ಇಲ್ಲವೆಂದಿತು. ಡಿಎನ್‌ಎ ಪರೀಕ್ಷೆ ಅತಿ ಸೂಕ್ಷ್ಮವಾದದ್ದು. ಸಾಗಣೆಯಲ್ಲೋ ಪ್ರಯೋಗಶಾಲೆಯಲ್ಲೋ ತಗುಲಿದ ಕಣವನ್ನೂ ಅದು ಎತ್ತಿ ತೋರಿಸಬಲ್ಲದು. ಈ ವಿವರಣೆಯನ್ನು ಕೇಳುವ ತಾಳ್ಮೆ ಎಷ್ಟು ಜನಕ್ಕಿದ್ದೀತು? ಮೊದಲ ಸುದ್ದಿ ಲಕ್ಷ ಜನರ ಫೋನಿಗೆ ಹೋದಷ್ಟು ವೇಗದಲ್ಲಿ ಎರಡನೆಯ ಸುದ್ದಿ ಹೋಗುವುದಿಲ್ಲ. 2020ರ ಡಿಸೆಂಬರಿನಲ್ಲಿ ಇನ್ನೊಂದು ದೊಡ್ಡ ಗದ್ದಲವಾಯಿತು. ಹೊರದೇಶದಿಂದ ಕಳ್ಳತನದಲ್ಲಿ ತರಿಸಿದ ಮಾಂಸಕ್ಕೆ ಸುಳ್ಳು ಹಲಾಲ್ ಮುದ್ರೆ ಒತ್ತಿ ಮಾರುತ್ತಿದ್ದರೆಂಬ ಆರೋಪದ ಮೇಲೆ ಜೊಹೋರ್ ರಾಜ್ಯದ ಉಗ್ರಾಣವೊಂದಕ್ಕೆ ಅಧಿಕಾರಿಗಳು ನುಗ್ಗಿದರು. ಮುಖ ಹೋದ ಕಡೆ ಮುದ್ರೆ ಬಂದಿತೆಂದು ಆಗಲೇ ಹೇಳಿದೆ. ಮುದ್ರೆಯನ್ನೂ ನಕಲು ಮಾಡಬಹುದೆಂದಾಗ ಹುಡುಗರು ಫೋನಿನಲ್ಲಿ ಇಲಾಖೆಯ ಪಟ್ಟಿಯನ್ನು ತೆರೆದು ಹೆಸರು ಹುಡುಕತೊಡಗಿದರು. ಇನ್ನು ಕೆಲವರು ತಿರುಗಿ ಪರಿಚಯದ ಮಾಂಸದಂಗಡಿಗೇ ಹೋದರು.

ಸಂಶಯಕ್ಕೆ ಒಂದು ಕೆಟ್ಟ ಗುಣವುಂಟು: ಅದು ಪದಾರ್ಥದಿಂದ ಮನುಷ್ಯನ ಮೇಲೆ ಹಾರುತ್ತದೆ. ಚೀನೀಯನ ಅಂಗಡಿಯ ಬ್ರೆಡ್ಡಿನ ಮೇಲಿನ ಅನುಮಾನ ಚೀನೀಯನ ಮೇಲಿನ ಅನುಮಾನವಾಗಲು ತಡವಾಗುವುದಿಲ್ಲ. ಒಂದೇ ತರಗತಿಯಲ್ಲಿ ಓದುವ ಮಕ್ಕಳು ಒಬ್ಬರ ಬುತ್ತಿಯನ್ನು ಒಬ್ಬರು ಮುಟ್ಟದಂತಾದರೆ ಆ ಮುದ್ರೆ ಯಾರನ್ನು ಕಾಪಾಡಿದಂತಾಯಿತು? ಅತಿಯಾದ ಜಾಗರೂಕತೆ ನಗೆಪಾಟಲಾಗುವುದೂ ಉಂಟು. 2016ರಲ್ಲಿ ‘ಪ್ರೆಟ್ಜೆಲ್ ಡಾಗ್’ ಎಂಬ ತಿಂಡಿಯ ಹೆಸರಿನಲ್ಲಿ ನಾಯಿ ಇರುವುದರಿಂದ ಗೊಂದಲವಾಗುತ್ತದೆ, ಹೆಸರನ್ನು ಬದಲಿಸಿರೆಂದು ಜಾಕಿಮ್ ಹೇಳಿದಾಗ ಅಲ್ಲಿಯ ಮುಸ್ಲಿಮ್ ತರುಣರೇ ಬೇಕಾದಷ್ಟು ನಕ್ಕರು.

ಇನ್ನೊಂದು ಸಂಗತಿ ಈ ವಿಷಯಕ್ಕೆ ಹೊಸ ತಿರುವನ್ನು ಕೊಟ್ಟಿತು. 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಆರಂಭವಾದ ಮೇಲೆ ಮಲೇಷ್ಯದ ತರುಣರು ಅಮೆರಿಕದ ಹೆಸರು ಹೊತ್ತ ಉಪಾಹಾರ ಮಂದಿರಗಳನ್ನು ಬಹಿಷ್ಕರಿಸತೊಡಗಿದರು. 2024ರ ಏಪ್ರಿಲಿನಲ್ಲಿ ಕೆಎಫ್‌ಸಿ ಅಲ್ಲಿಯ ನೂರಕ್ಕೂ ಹೆಚ್ಚು ಅಂಗಡಿಗಳನ್ನು ತಾತ್ಕಾಲಿಕವಾಗಿ ಮುಚ್ಚಿತು. ಆರ್ಥಿಕ ಸಂಕಷ್ಟವೆಂದು ನಡೆಸುವವರು ಹೇಳಿದರು, ಬಹಿಷ್ಕಾರದ ಪೆಟ್ಟೆಂದು ಅಲ್ಲಿಯ ಪತ್ರಿಕೆಗಳು ಬರೆದವು. ಆ ಅಂಗಡಿಗಳ ಕೋಳಿ ಹಲಾಲೇ ಆಗಿತ್ತು. ಮುದ್ರೆ ಗೋಡೆಯ ಮೇಲೆ ಇದ್ದಹಾಗೆಯೇ ಇತ್ತು. ಕೊಯ್ದ ಕತ್ತಿಯನ್ನಷ್ಟೇ ಅಲ್ಲ, ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆಂಬುದನ್ನೂ ಕೇಳಬೇಕೆಂದು ತರುಣರು ತೀರ್ಮಾನಿಸಿದ್ದರು. ಅವರ ಲೆಕ್ಕ ಸರಿಯೋ ತಪ್ಪೋ, ಅಲ್ಲಿ ಕೆಲಸಕ್ಕಿದ್ದ ಅಷ್ಟೂ ಮಲಯ್ ಹುಡುಗರ ಪಾಡೇನು, ಅದೆಲ್ಲ ಬೇರೆ ಚರ್ಚೆ. ನನ್ನ ವಿಷಯಕ್ಕೆ ಬೇಕಾದದ್ದು ಇಷ್ಟು: ಹಲಾಲ್ ಎಂಬ ಮಾತು ಅವರ ಬಾಯಲ್ಲಿ ತನ್ನ ಹಳೆಯ ವಿಸ್ತಾರಕ್ಕೆ, ಗಳಿಕೆ ವ್ಯವಹಾರಗಳನ್ನೂ ಒಳಗೊಳ್ಳುವ ಅರ್ಥಕ್ಕೆ ಹಿಂದಿರುಗಿತು.

ನಮ್ಮ ದೇಶದ ಸ್ಥಿತಿ ಬೇರೆ. ಇಲ್ಲಿ ಅಂಗಡಿಯವನ ಮುಖ ಇನ್ನೂ ಉಳಿದಿದೆ. ಭಟ್ಕಳದಲ್ಲಾಗಲಿ, ಮಂಗಳೂರಿನ ಬಂದರಿನಲ್ಲಾಗಲಿ, ಬೆಂಗಳೂರಿನ ಶಿವಾಜಿನಗರದಲ್ಲಾಗಲಿ ಮುದ್ರೆಯನ್ನು ಕೇಳಿ ಮಾಂಸ ಕೊಳ್ಳುವವರು ವಿರಳ. ಪೊಟ್ಟಣದ ಆಹಾರಕ್ಕೆ ಇಲ್ಲಿಯ ಹುಡುಗರು ಕಂಡುಕೊಂಡಿರುವ ಉಪಾಯವನ್ನು ಮಂಗಳೂರಿನ ಬ್ಯಾರಿ ವಿದ್ಯಾರ್ಥಿಯೊಬ್ಬ ನನಗೆ ಹೇಳಿದ: ‘ಹಸಿರು ಚುಕ್ಕೆ ಇದ್ದರೆ ಸಾಕು ಸಾರ್, ಅರ್ಧ ಚಿಂತೆ ಕಳೆಯಿತು.’ ಸಸ್ಯಾಹಾರದ ಪೊಟ್ಟಣಕ್ಕೆ ಹಸಿರು ಗುರುತು ಕಡ್ಡಾಯವಾಗಿದೆ. ಅದು ಜೈನರನ್ನೂ ಲಿಂಗಾಯತರನ್ನೂ ಬ್ರಾಹ್ಮಣರನ್ನೂ ನೆನೆದು ಮಾಡಿದ್ದೆಂದು ನಾವು ತಿಳಿದಿದ್ದರೆ, ಮುಸ್ಲಿಮ್ ಹುಡುಗನೂ ಜೆಲಾಟಿನ್ ಭಯವಿಲ್ಲದೆ ಅದೇ ಚುಕ್ಕೆಯ ನೆರಳಿನಲ್ಲಿ ಮಿಠಾಯಿ ತಿನ್ನುತ್ತಿದ್ದಾನೆ. ಪೊಟ್ಟಣವನ್ನು ತಿರುಗಿಸಿ ನೋಡುವ ಅಭ್ಯಾಸ ಒಂದು ಮತದವರ ಸೊತ್ತಲ್ಲ. 2022ರ ಯುಗಾದಿಯ ಸಮಯದಲ್ಲಿ ಹೊಸತೊಡಕಿಗೆ ಹಲಾಲ್ ಮಾಂಸವನ್ನು ಕೊಳ್ಳಬೇಡಿರೆಂದು ನಮ್ಮ ರಾಜ್ಯದಲ್ಲಿ ಕೆಲವರು ಕರೆ ಕೊಟ್ಟದ್ದೂ, 2023ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಸರಕಾರ ರಫ್ತಿನ ಸರಕನ್ನು ಬಿಟ್ಟು ಉಳಿದ ಹಲಾಲ್ ಪ್ರಮಾಣಿತ ಪದಾರ್ಥಗಳ ಮಾರಾಟವನ್ನು ನಿಷೇಧಿಸಿದ್ದೂ ನಿಮಗೆ ನೆನಪಿರಬಹುದು. ಆ ‘ರಫ್ತನ್ನು ಬಿಟ್ಟು’ ಎಂಬ ಮಾತನ್ನು ಗಮನಿಸಬೇಕು. ಕೌಲಾಲಂಪುರದ ಅಂಗಡಿಗಳ ಶೀತಪೆಟ್ಟಿಗೆಯಲ್ಲಿ ಭಾರತದ ಎಮ್ಮೆಮಾಂಸ ಹಲಾಲ್ ಮುದ್ರೆಯೊಂದಿಗೆ ಮಲಗಿರುವುದನ್ನು ನಾನು ಎಷ್ಟೋ ಸಾರಿ ನೋಡಿದ್ದೇನೆ.

ತಯ್ಯಿಬ್ ಎಂಬ ಮಾತಿಗೆ ಬರುತ್ತೇನೆಂದು ಹೇಳಿದ್ದೆ. ಮಲೇಷ್ಯ ಸರಕಾರದ 2019ರ ಆರೋಗ್ಯ ಸಮೀಕ್ಷೆಯಂತೆ ಅಲ್ಲಿಯ ವಯಸ್ಕರಲ್ಲಿ ಅರ್ಧದಷ್ಟು ಜನರ ಮೈತೂಕ ಇರಬೇಕಾದುದಕ್ಕಿಂತ ಹೆಚ್ಚು. ಅದೇ ವರ್ಷ ಜುಲೈಯಿಂದ ಸಕ್ಕರೆಯ ಪಾನೀಯಗಳ ಮೇಲೆ ಸರಕಾರ ತೆರಿಗೆ ಹಾಕಿತು. ಸಕ್ಕರೆ ನೀರಿಗೂ, ಉಪ್ಪು ತುಂಬಿದ ನೂಡಲ್ಸ್‌ಗೂ ಹಲಾಲ್ ಮುದ್ರೆ ಸಿಗುತ್ತದೆ. ಸಿಗಬಾರದೆನ್ನಲು ಕಾರಣವೂ ಇಲ್ಲ. ಪ್ರಮಾಣಪತ್ರ ಕೊಡುವವರು ತಯಾರಿಕೆಯ ಶುಚಿತ್ವವನ್ನೂ ಸುರಕ್ಷಿತತೆಯನ್ನೂ ನೋಡುತ್ತಾರೆ, ಅಷ್ಟನ್ನು ತಯ್ಯಿಬ್ ಎಂದೂ ಕರೆಯುತ್ತಾರೆ. ಸಕ್ಕರೆಯ ಚಮಚಗಳನ್ನು ಎಣಿಸುವುದಿಲ್ಲ. ಆದರೆ ಮುದ್ರೆ ಕಂಡೊಡನೆ ‘ಇದು ಒಳ್ಳೆಯದು’ ಎಂದು ಮನಸ್ಸು ನಿರಾಳವಾಗುವುದನ್ನು ನಾನು ಅನೇಕರಲ್ಲಿ ಕಂಡೆ. ಮಗಳ ಮನೆಯ ಕೆಳಗೆ ತಮಿಳು ಮುಸ್ಲಿಮರೊಬ್ಬರ ‘ಮಾಮಾಕ್’ ಹೋಟೆಲಿತ್ತು. ಅಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಾಗ ಆಹಾರವಿಜ್ಞಾನ ಓದುವ ಒಬ್ಬ ಹುಡುಗ ಇದೇ ಮಾತನ್ನು ತೆಗೆದ. ಅವನ ತಾಯಿಗೆ ಸಕ್ಕರೆ ಕಾಯಿಲೆ. ಮುದ್ರೆಯ ಪಕ್ಕದಲ್ಲಿಯೇ, ಅದರಷ್ಟೇ ದೊಡ್ಡದಾಗಿ, ಸಕ್ಕರೆ ಎಷ್ಟಿದೆಯೆಂದು ಅಚ್ಚು ಹಾಕಿಸಿದರೆ ಅಮ್ಮ ಅದನ್ನೂ ಓದುತ್ತಾಳೆ, ಏಕೆಂದರೆ ಅವಳು ತಪ್ಪದೆ ನೋಡುವುದು ಪೊಟ್ಟಣದ ಆ ಮೂಲೆಯೊಂದನ್ನೇ ಎಂದು ಅವನು ಹೇಳಿದ. ಹಾಗೆ ಹೇಳುತ್ತಲೇ ತನ್ನ ತಣ್ಣನೆಯ ಚಹಾಕ್ಕೆ ಮಂದಹಾಲು ಕಡಿಮೆ ಹಾಕುವಂತೆ ಹೋಟೆಲಿನವನಿಗೆ ಕೂಗಿದ.